ಆವರೇಜ್ ಸರ್ ಕಾರು ನಿಲ್ಲಿಸಿದ ಕತೆ

ಕಳೆದ ವಾರ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ. ಕಮಲಾಪುರದ ನಮ್ಮ ಕಾಲೇಜಿನಿಂದ ಹೋದ ವರ್ಷ ನಿವೃತ್ತರಾದ ಭೌತಶಾಸ್ತ್ರದ ಉಪನ್ಯಾಸಕರಿಗೆ ಶಿಷ್ಯರೆಲ್ಲ ಸೇರಿ ಅಭಿನಂದನಾ ಗ್ರಂಥ ತರುತ್ತಿದ್ದಾರಂತೆ. ಇವನೇ ಸಂಪಾದಕ. ಕನ್ನಡದ ಮೇಡಂ ಅಂದಮೇಲೆ ನನ್ನದೊಂದು ಲೇಖನ ಇರಲೇಬೇಕಂತೆ. ವಿಷಯವನ್ನೂ ಅವನೇ ಹೇಳಿದ.

"ಸರ್ ಅವರೇ ನಿಮ್ಮ ಹೆಸರು ಹೇಳ್ಯಾರ್ರಿ ಮೇಡಂ. ಬಸುರಿ ಹೆಣ್ಮಗಳ ಸಲುವಾಗಿ ದಿನಾ ನಡುದಾರ್ಯಾಗ ಕಾರ್ ನಿಲ್ಲಸ್ತಿದ್ರಂತಲ್ಲ, ಅದನ್ನ ಕಣ್ಣಾರೆ ನೋಡಿದವರು ನೀವಂತ."

ಕುಡಿಯುತ್ತಿದ್ದ ಚಹಾ ನೆತ್ತಿಗೇರಿತು. ಹೌದು, ನೋಡಿದ್ದೇನೆ, ಬರೆಯುತ್ತೇನೆ ಎಂದೆ. ಅದೇ ಇದು. ಗ್ರಂಥದಲ್ಲಿ ಅಚ್ಚಾಗುತ್ತದೆಂಬ ಭ್ರಮೆ ನನಗಿಲ್ಲ. ಅವರ ಹೆಸರನ್ನೂ ಬರೆಯುವುದಿಲ್ಲ, ಏಕೆಂದರೆ ನಾಚಿಕೆಪಡಬೇಕಾದವರು ಅವರು, ಅವರ ಹೆಂಡತಿ ಮಕ್ಕಳಲ್ಲ. ಕಾಲೇಜಿನಲ್ಲಿ ಅವರಿಗೆ ಆವರೇಜ್ ಸರ್ ಎಂದೇ ಹೆಸರಿತ್ತು, ಅಷ್ಟು ಸಾಕು.

ಒಂದು ಲೀಟರ್ ಎಣ್ಣೆಗೆ ಗಾಡಿ ಎಷ್ಟು ದೂರ ಓಡುತ್ತದೆ ಎಂಬುದಕ್ಕೆ ನಮ್ಮ ಕಡೆ ಆವರೇಜ್ ಅನ್ನುತ್ತಾರೆ. ಎಲ್ಲರೂ ಕೇಳುವ ಮಾತೇ, ಹೊಸ ಗಾಡಿ ಕಂಡಾಗ ಒಮ್ಮೆ ಕೇಳಿ ಸುಮ್ಮನಾಗುತ್ತಾರೆ. ಇವರು ಸುಮ್ಮನಾಗಲಿಲ್ಲ. ಬೆಳಿಗ್ಗೆ ಕಾರಿನಿಂದಿಳಿದು ಜವಾನ ನಮಸ್ಕಾರ ಹೇಳುವ ಮೊದಲೇ ಅವತ್ತಿನ ಆವರೇಜ್ ಹೇಳುತ್ತಿದ್ದರು. ಪ್ರಾಂಶುಪಾಲರಿಗೂ ಹೇಳುತ್ತಿದ್ದರು. ನಮ್ಮ ಕಚೇರಿಯ ಗುಮಾಸ್ತ ಶರಣಪ್ಪನ ತಂದೆ ತೀರಿಕೊಂಡಾಗ ಮಾತನಾಡಿಸಲು ಹೋಗಿದ್ದೆವು. ಶರಣಪ್ಪ ತಲೆ ತಗ್ಗಿಸಿ ಕೂತಿದ್ದ, ಹೆಂಗಸರು ಅಳುತ್ತಿದ್ದರು. ಇವರು ಸ್ವಲ್ಪ ಹೊತ್ತು ಗಂಭೀರವಾಗಿ ಕೂತು, ಆಮೇಲೆ ಅವನ ಕಡೆ ಬಾಗಿ, ಹೆಣ ತಂದ ಜೀಪು ಎಷ್ಟು ಆವರೇಜ್ ಕೊಟ್ಟಿತು ಎಂದು ಮೆಲ್ಲಗೆ ವಿಚಾರಿಸಿದರು. ಶರಣಪ್ಪ ಒಳ್ಳೆಯ ಮನುಷ್ಯ, ಡ್ರೈವರನ್ನು ಕೇಳಿ ಹೇಳುತ್ತೇನೆ ಎಂದ.

ನಾವು ನಾಲ್ವರು ಕಲಬುರಗಿಯಿಂದ ಕಮಲಾಪುರಕ್ಕೆ ದಿನವೂ ಅವರ ಕಾರಿನಲ್ಲಿ ಹೋಗಿಬರುತ್ತಿದ್ದೆವು. ಅವರ ಮನೆ ಜೇವರ್ಗಿ ಕಾಲೋನಿಯಲ್ಲಿ, ನನ್ನದು ಅಲ್ಲೇ ಎರಡು ಓಣಿ ಆಚೆ. ಕೋಟನೂರಿನ ಸುಜಾತಾ ಆಟೊದಲ್ಲಿ ಬಂದು ಕಾಲೋನಿಯ ಮುಖ್ಯರಸ್ತೆಯ ಮೂಲೆಯಲ್ಲಿ ನಿಲ್ಲುತ್ತಿದ್ದಳು. ಶರಣಪ್ಪ ಐವಾನ್-ಎ-ಶಾಹಿ ಅತಿಥಿಗೃಹದ ಹತ್ತಿರ ಹತ್ತಿಕೊಳ್ಳುತ್ತಿದ್ದ. ಎಲ್ಲರೂ ಅವರ ಮನೆ ಮುಂದೆಯೇ ಸೇರಬಹುದಿತ್ತು. ಆದರೆ ಮನೆಗೆ ಬಂದವರಿಗೆ ಚಹಾ ಕೊಡಬೇಕಾಗುತ್ತದಲ್ಲ.

ಒಪ್ಪಂದ ಅವರೇ ಮಾಡಿದ್ದು. ಗಾಡಿ ಅವರದು, ಎಣ್ಣೆ ನಮ್ಮದು. ಹಳೆಯ ಲಡಕಾಸಿ ಕಾರೊಂದು ಎಷ್ಟು ಕುಡಿಯಬಹುದೋ ಅಷ್ಟು ಎಣ್ಣೆಗೆ ತಿಂಗಳ ಹಣ ಗೊತ್ತುಮಾಡಿ ಮೂವರಿಂದಲೂ ಮೊದಲೇ ತೆಗೆದುಕೊಳ್ಳುತ್ತಿದ್ದರು. ಆಮೇಲೆ ಉಳಿಸಿದ ಪ್ರತಿ ಹನಿಯೂ ಅವರ ಜೇಬಿಗೆ. ಈ ಉಳಿತಾಯಕ್ಕೆ ಅವರು ದೇಶದ ಹೆಸರು ಹೇಳುತ್ತಿದ್ದರು, ಭೂಮಿಯ ಹೆಸರು ಹೇಳುತ್ತಿದ್ದರು, ಮುಂದಿನ ಪೀಳಿಗೆಯ ಹೆಸರು ಹೇಳುತ್ತಿದ್ದರು. ಜೇಬಿನ ಹೆಸರನ್ನು ಮಾತ್ರ ಒಮ್ಮೆಯೂ ಹೇಳಲಿಲ್ಲ. ಸಂಪಾದಕ ಅವರನ್ನು ಪರಿಸರಪ್ರೇಮಿ ಎಂದ. ಇರಲಿ, ಪಾಪ, ಅವನು ಅವರ ಕಾರಿನಲ್ಲಿ ಕೂತವನಲ್ಲ.

ಕೂತಿದ್ದರೆ ಅವನಿಗೆ ಕಿಟಕಿಯ ಪಾಠ ಆಗುತ್ತಿತ್ತು. ಕಲಬುರಗಿಯ ಬೇಸಿಗೆಯಲ್ಲಿ ಎ.ಸಿ. ಹಾಕಬಾರದು, ಅದು ಎಣ್ಣೆ ಕುಡಿಯುತ್ತದೆ. ಸರಿ, ಗಾಜು ಇಳಿಸೋಣವೆಂದರೆ ಅದೂ ಕೂಡದು, ಒಳಗೆ ಬಂದ ಗಾಳಿ ಗಾಡಿಯನ್ನು ಹಿಂದಕ್ಕೆ ಜಗ್ಗುತ್ತದೆ, ಆಗಲೂ ಎಣ್ಣೆ ಹೆಚ್ಚು ಬೇಕು. ಹೀಗಾಗಿ ಏಪ್ರಿಲ್ ತಿಂಗಳ ಮಧ್ಯಾಹ್ನ ನಾಲ್ಕೂ ಗಾಜು ಏರಿಸಿಕೊಂಡು ನಾವು ನಾಲ್ವರು ಅದರೊಳಗೆ ಬೇಯುತ್ತ ಬರುತ್ತಿದ್ದೆವು. ಶರಣಪ್ಪ ಟವೆಲು ಒದ್ದೆ ಮಾಡಿ ತಲೆಗೆ ಸುತ್ತಿಕೊಂಡು ಕೂರುತ್ತಿದ್ದ. ಎ.ಸಿ. ಗುಂಡಿಯ ಮೇಲೆ ಅವರು ಒಂದು ದೇವರ ಚಿತ್ರ ಅಂಟಿಸಿದ್ದರು. ಯಾರ ಬೆರಳೂ ಅದರ ಮೇಲೆ ಏಳಬಾರದೆಂದು. ಯಾವ ದೇವರೆಂದು ಹೇಳುವುದಿಲ್ಲ, ದೇವರ ತಪ್ಪೇನಿದೆ ಇದರಲ್ಲಿ.

ಕಮಲಾಪುರದ ಕೆಂಪು ಬಾಳೆಹಣ್ಣಿಗೆ ಊರೂರಿಂದ ಬರುತ್ತಾರೆ. ನಾವು ದಿನವೂ ಅದರ ಅಂಗಡಿಗಳ ಮುಂದೆಯೇ ಹಾಯ್ದು ಬರುತ್ತಿದ್ದವರು, ಮನೆಗೆ ಒಂದು ಗೊನೆ ಒಯ್ಯುವಂತಿರಲಿಲ್ಲ. ಭಾರ. ಒಮ್ಮೆ ನಾನು ತಂಗಿಯ ಮನೆಗೆಂದು ತಂದ ಚಿಪ್ಪನ್ನು ಕೈಯಲ್ಲಿ ತೂಗಿ ನೋಡಿ, ನಾಳೆ ಅರ್ಧ ಒಯ್ಯಿರಿ ಎಂದು ಉಳಿದರ್ಧವನ್ನು ಸ್ಟಾಫ್ ರೂಮಿನಲ್ಲೇ ಇಡಿಸಿದರು. ಅದೇ ಶನಿವಾರ ಡಿಕ್ಕಿ ತೆಗೆದಾಗ ಒಳಗೆ ಇಡೀ ಗೊನೆ ಮಲಗಿತ್ತು, ಅವರ ಬೀಗರಿಗೆ. ಹಿಂದಿನ ಗಾಲಿಯ ಮೇಲೆ ಬೀಳುವ ಭಾರದ ಲೆಕ್ಕವೇ ಬೇರೆ ಎಂದು ವಿವರಿಸಿದರು. ಇಂಥ ಭೌತಶಾಸ್ತ್ರವನ್ನು ನಮ್ಮ ಮಕ್ಕಳು ಅವರಿಂದಲೇ ಕಲಿತರೆಂಬುದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಇಳಿಜಾರು ಬಂದರೆ ಗಾಡಿ ನ್ಯೂಟ್ರಲ್‌ಗೆ ಬೀಳುತ್ತಿತ್ತು. ದಾರಿಯ ಬದಿ ಒಂದು ಸಣ್ಣ ಗುಡಿಯಿದೆ, ಉಳಿದ ಗಾಡಿಯವರು ಅಲ್ಲಿ ನಿಲ್ಲಿಸಿ ಕೈಮುಗಿದು ಹೋಗುತ್ತಾರೆ. ಇವರೂ ಭಕ್ತರೇ. ಸ್ಟಿಯರಿಂಗ್ ಬಿಟ್ಟು ನ್ಯೂಟ್ರಲ್‌ನಲ್ಲೇ ಕೈಮುಗಿಯುತ್ತಿದ್ದರು. ಆ ಒಂದು ಗಳಿಗೆ ಹಿಂದಿನ ಸೀಟಿನಲ್ಲಿ ಕೂತ ನಾವು ಅವರಿಗಿಂತ ಹೆಚ್ಚು ಭಕ್ತಿಯಿಂದ ಕೈಮುಗಿಯುತ್ತಿದ್ದೆವು.

ಇನ್ನು ಅಸಲು ಸಂಗತಿಗೆ ಬರುತ್ತೇನೆ. ನಿಂತ ಗಾಡಿಯನ್ನು ಮತ್ತೆ ಎಬ್ಬಿಸಲು ಹೋಗುವಷ್ಟು ಎಣ್ಣೆ ಬೇರೆ ಯಾವುದಕ್ಕೂ ಹೋಗುವುದಿಲ್ಲ ಎಂಬುದು ಅವರ ನಂಬಿಕೆ. ಆದ್ದರಿಂದ ಮನೆ ಬಿಟ್ಟ ಕಾರು ಕಾಲೇಜಿನವರೆಗೆ ಪೂರ್ತಿ ನಿಲ್ಲಕೂಡದು. ಸಿಗ್ನಲ್ ಕೆಂಪಿದ್ದರೆ ದೂರದಿಂದಲೇ ತೆವಳುತ್ತ ಬಂದು ಹಸಿರಾಗುವ ಹೊತ್ತಿಗೆ ಮುಟ್ಟುತ್ತಿದ್ದರು, ಹಿಂದಿನವರು ಹಾರ್ನ್ ಹೊಡೆದು ಬಯ್ದರೆ ಅವರನ್ನು ಅಜ್ಞಾನಿಗಳೆಂದು ಕ್ಷಮಿಸುತ್ತಿದ್ದರು. ಹಾಗೆಯೇ ನಮ್ಮನ್ನು ಹತ್ತಿಸಿಕೊಳ್ಳಲೂ ನಿಲ್ಲಿಸುತ್ತಿರಲಿಲ್ಲ. ನಿಧಾನ ಮಾಡುತ್ತಿದ್ದರು. ಉರುಳುವ ಕಾರಿಗೆ ನಾವೇ ಹತ್ತಬೇಕು.

ಅದಕ್ಕೊಂದು ರೀತಿ ಬೆಳೆದಿತ್ತು. ಹಿಂದಿನ ಓಣಿಯಲ್ಲಿ ಹಾರ್ನ್ ಕೇಳಿದ ಕೂಡಲೇ ನಾನು ಚೀಲ ಹೆಗಲಿಗೇರಿಸಿ, ಸೀರೆಯ ನೆರಿಗೆ ಎತ್ತಿ ಹಿಡಿದು ಸಿದ್ಧಳಾಗುತ್ತಿದ್ದೆ. ಕಾರು ಬರುತ್ತಲೇ ಬಾಗಿಲ ಹಿಡಿಕೆ ಹಿಡಿದು ಅದರ ಜೊತೆ ಹೆಜ್ಜೆ ಹಾಕುತ್ತ ತೆಗೆದು, ಮೊದಲು ಚೀಲ ಒಗೆದು, ಆಮೇಲೆ ನಾನು ಬೀಳಬೇಕು. ಮುಂದಿನ ಮೂಲೆಯಲ್ಲಿ ನಾನು ಬಾಗಿಲು ತೆಗೆದು ಆಚೆ ಸರಿದು ಸುಜಾತಾಗೆ ಕೈ ಕೊಡುತ್ತಿದ್ದೆ, ಅವಳು ಹಿಡಿದು ಜಿಗಿಯುತ್ತಿದ್ದಳು. ಇಳಿಯುವಾಗಲೂ ಹೀಗೆಯೇ. ಮೂಲೆಯ ಪಾನಂಗಡಿಯವನು ನಮ್ಮ ಕೈಚಳಕ ನೋಡಿ ತಲೆದೂಗುತ್ತಿದ್ದ. ನಾವೂ ನಗುತ್ತಿದ್ದೆವು, ನಗದೆ ಏನು ಮಾಡುವುದು.

ಸುಜಾತಾ ಬಸುರಿಯಾದಳು. ಇದು ಬರೀ ಸಂತೋಷದ ಸುದ್ದಿಯಾಗಿರಲಿಲ್ಲ. ಮೊದಲ ಬಸುರು ನಿಲ್ಲದೆ ಹೋಗಿತ್ತು. ಕಾಲೋನಿಯ ಕ್ಲಿನಿಕ್ಕಿನ ಡಾಕ್ಟರಮ್ಮ ಈ ಸಲ ಒಂದು ಸಣ್ಣ ಧಕ್ಕೆಯೂ ಆಗಬಾರದೆಂದು ಕಟ್ಟುನಿಟ್ಟಾಗಿ ಹೇಳಿದ್ದರು. ಹಾಗಾದರೆ ಮನೆಯಲ್ಲಿ ಕೂರಬೇಕಿತ್ತು ಅನ್ನಬಹುದು. ಅವಳು ಅತಿಥಿ ಉಪನ್ಯಾಸಕಿ, ಇತಿಹಾಸ ಪಾಠ ಮಾಡುತ್ತಿದ್ದಳು. ರಜೆ ಹಾಕಿದರೆ ಅವಳ ತಾಸುಗಳು ಇನ್ನೊಬ್ಬರಿಗೆ ಹೋಗುತ್ತವೆ, ಮುಂದಿನ ವರ್ಷ ಕರೆಯುತ್ತಾರೆಂಬ ಖಾತ್ರಿಯಿಲ್ಲ. ಅವರ ಮನೆತನದಲ್ಲಿ ಹೊಲದ ಕೂಲಿ ಬಿಟ್ಟು ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು ಅವಳು. ಬಸ್ಸಿನಲ್ಲಿ ಕೂರಲು ಜಾಗ ಸಿಗುವ ನಂಬಿಕೆಯಿಲ್ಲ, ನೂಕುನುಗ್ಗಲು ಬೇರೆ. ಕಾರೇ ವಾಸಿ ಎಂದು ಡಾಕ್ಟರಮ್ಮನೇ ಹೇಳಿದ್ದರು. ಆ ಕಾರು ಯಾವುದೆಂದು ಅವರಿಗೇನು ಗೊತ್ತು.

ಸುಜಾತಾ ಎಲ್ಲವನ್ನೂ ಸಂಕೋಚ ಬಿಟ್ಟು ಅವರಿಗೆ ತಿಳಿಸಿದಳು. ಮೊದಲ ಬಸುರಿನ ವಿಷಯವನ್ನೂ ಹೇಳಿದಳು. ನನ್ನೊಬ್ಬಳಿಗೆ ಒಂದು ನಿಮಿಷ ನಿಲ್ಲಿಸಿ ಎಂದು ಕೇಳಿದಳು. ಅವರು ಕನಿಕರದಿಂದಲೇ ಕೇಳಿಸಿಕೊಂಡರು. ಕನಿಕರಕ್ಕೆ ಎಣ್ಣೆ ಖರ್ಚಾಗುವುದಿಲ್ಲ.

"ಹೊತ್ತಿನದೇನಿಲ್ರಿ. ಬೆಳಿಗ್ಗೆ ಒಮ್ಮೆ, ಸಂಜೀಕ ಒಮ್ಮೆ ನಿಲ್ಲಿಸಿ ಎಬ್ಬಿಸಿದ್ರ ತಿಂಗಳ ಆವರೇಜ್ ಎಲ್ಲಿಗಿ ಬರ್ತದ, ನೀವೇ ಹೇಳ್ರಿ," ಎಂದರು. "ಇನ್ನಾ ಸಾವಕಾಶ ಹೊಡಿತೀನಿ, ಬಿಡ್ರಿ."

ಸಾವಕಾಶವಾಗಿಯೇ ಹೊಡೆದರು. ನಡೆಯುವವರಿಗಿಂತ ನಿಧಾನ. ಆದರೂ ಗಾಲಿ ಉರುಳುತ್ತಿತ್ತು, ಅವಳು ಜಿಗಿಯುತ್ತಿದ್ದಳು. ನಾನು ಎರಡೂ ಕೈಯಿಂದ ಅವಳನ್ನು ಹಿಡಿದು ಒಳಗೆ ಎಳೆದುಕೊಳ್ಳುತ್ತಿದ್ದೆ. ನಾನೂ ಜಗಳವಾಡಿ ನೋಡಿದೆ, ಶರಣಪ್ಪನೂ ಹೇಳಿದ. ನಮ್ಮಿಬ್ಬರಿಗೂ ಅದೇ ಉತ್ತರ. ಬೇಡವಾದರೆ ಬೇರೆ ಗಾಡಿ ನೋಡಿಕೊಳ್ಳಿ, ಆ ಸೀಟಿಗೆ ಜನ ಕಾಯುತ್ತಿದ್ದಾರೆ ಎಂದರು. ಸುಜಾತಾಗೆ ಬೇರೆ ಗಾಡಿ ಇರಲಿಲ್ಲ.

ಏಳನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಅವಳ ಕಾಲು ಜಾರಿತು. ಒಂದು ಕಾಲು ಕಾರಿನೊಳಗೆ, ಇನ್ನೊಂದು ರಸ್ತೆಗೆ ಉಜ್ಜುತ್ತಿತ್ತು. ನನ್ನ ಕೈಯಲ್ಲಿ ಅವಳ ತೋಳು ಸಿಕ್ಕಿತ್ತು, ಬಿಡಲಿಲ್ಲ. ನಾನು ಕಿರುಚಿದ್ದಕ್ಕೆ ಅವರು ಇನ್ನಷ್ಟು ನಿಧಾನ ಮಾಡಿದರು. ನಿಲ್ಲಿಸಲಿಲ್ಲ. ಹೇಗೋ ಒಳಗೆ ಬಿದ್ದಳು. ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ ಬಹಳ ಹೊತ್ತು ಕೂತಿದ್ದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಐವಾನ್-ಎ-ಶಾಹಿ ದಾಟಿದ ಮೇಲೆ ಕಣ್ಣು ತೆರೆದು, ಒದೀತದ ಅಕ್ಕಾ, ಎಂದಳು. ಆಗ ನೋಡಿದರೆ ಒಂದು ಕಾಲಿನ ಚಪ್ಪಲಿ ಇರಲಿಲ್ಲ, ರಸ್ತೆಯಲ್ಲೇ ಉಳಿದಿತ್ತು. ತಿರುಗಿಸಿ ಎಂದೆ. ರಿವರ್ಸ್‌ನಲ್ಲಿ ಎಣ್ಣೆ ಹೇಗೆ ಸುಡುತ್ತದೆಂದು ಆವರೇಜ್ ಸರ್ ನಮಗೆ ತಿಳಿಸಿಕೊಟ್ಟರು. ಅವತ್ತು ಸುಜಾತಾ ಬರಿಗಾಲಲ್ಲಿ ಪಾಠ ಮಾಡಿದಳು.

ಆ ಮನುಷ್ಯನ ಬಗ್ಗೆ ಅಲ್ಲಿಯವರೆಗೆ ನನಗಿದ್ದದ್ದು ಗೇಲಿ. ಅವತ್ತಿನಿಂದ ತಿರಸ್ಕಾರ. ಜಿಪುಣರು ನನಗೆ ಹೊಸಬರಲ್ಲ, ನಮ್ಮ ಅಪ್ಪನೇ ಜಿಪುಣ. ಆದರೆ ಅವನು ತನ್ನ ಹೊಟ್ಟೆ ಕಟ್ಟಿ ಉಳಿಸುತ್ತಿದ್ದ. ಇವರು ಇನ್ನೊಬ್ಬಳ ಹೊಟ್ಟೆಯಲ್ಲಿದ್ದುದನ್ನು ಪಣಕ್ಕಿಟ್ಟು ಉಳಿಸಿದರು, ಅದಕ್ಕೆ ವಿಜ್ಞಾನ ಎಂದು ಹೆಸರಿಟ್ಟರು.

ಮರುದಿನ ಕಾರು ಮೂಲೆ ತಿರುಗಿದಾಗ ಸುಜಾತಾ ದಂಡೆಯಲ್ಲಿರಲಿಲ್ಲ. ರಸ್ತೆಯ ನಟ್ಟನಡುವೆ ನಿಂತಿದ್ದಳು, ಹೆಗಲಿಗೆ ಚೀಲ, ಕಾಲಿಗೆ ಹೊಸ ಚಪ್ಪಲಿ. ಇವರು ಹಾರ್ನ್ ಹೊಡೆದರು. ಅವಳು ಅಲುಗಲಿಲ್ಲ. ಇವರು ನಿಧಾನ ಮಾಡಿದರು, ಮತ್ತೂ ನಿಧಾನ ಮಾಡಿದರು, ಎಡಕ್ಕೆ ಹೊರಳಿಸಲು ನೋಡಿದರು. ಎಡಕ್ಕೆ ಒಂದು ಆಟೊ ನಿಂತಿತ್ತು. ಅವಳು ಬಂದದ್ದು ಅದರಲ್ಲೇ, ಅಲ್ಲೇ ನಿಲ್ಲಲು ಆಟೊದವನಿಗೆ ಅವಳೇ ಹೇಳಿದ್ದಳೆಂದು ಆಮೇಲೆ ತಿಳಿಯಿತು. ಕೊನೆಗೆ ಕಾರು ಅವಳ ಮುಂದೆ ಬಂದು ಪೂರ್ತಿ ನಿಂತಿತು. ನಿಂತ ಧಕ್ಕೆಗೆ ಎಂಜಿನ್ನೂ ಬಂದಾಯಿತು.

ಅವರು ಗಾಜು ಇಳಿಸಿದರು. ಆ ಗಾಜು ಇಳಿಯುತ್ತದೆಂದು ನನಗೆ ಗೊತ್ತಾದದ್ದೇ ಅವತ್ತು.

"ಏನ್ರೀ ಇದು, ಜೀವ ಬ್ಯಾಡೇನ್ರಿ ನಿಮಗ?"

"ಎರಡು ಜೀವ ಬೇಕಂತನ ನಿಂತೀನ್ರಿ ಸರ್," ಎಂದಳು ಸುಜಾತಾ. ದನಿ ಏರಿಸಲಿಲ್ಲ. "ನಾಳಿಂದ ನಾ ದಿನಾ ಇಲ್ಲೇ ನಿಂದ್ರಾಕಿ. ನೀವು ನಿಂದ್ರಸ್ರಿ, ಇಲ್ಲಾ ಮ್ಯಾಲ ಹಾಯಿಸ್ರಿ."

ಆಮೇಲೆ ಕಾರನ್ನು ಸುತ್ತು ಹಾಕಿ ನಿಧಾನವಾಗಿ ಬಂದಳು. ಬಾಗಿಲು ತೆಗೆದಳು. ಚೀಲ ಇಟ್ಟು, ಸೆರಗು ಸರಿಮಾಡಿಕೊಂಡು, ಒಂದು ಕಾಲು ಒಳಗಿಟ್ಟು, ಕೂತು, ಇನ್ನೊಂದು ಕಾಲು ಎಳೆದುಕೊಂಡಳು. ಬಾಗಿಲು ಹಾಕಿ, ಈಗ ನಡೀರಿ ಸರ್, ಎಂದಳು. ಹಿಂದೆ ಆಟೊ, ಬೈಕುಗಳೆಲ್ಲ ಸಾಲುಗಟ್ಟಿದ್ದವು. ಪಾನಂಗಡಿಯವನು ಎದ್ದುನಿಂತು ನೋಡುತ್ತಿದ್ದ. ಆವರೇಜ್ ಸರ್ ಕೀಲಿ ತಿರುವಿ, ಎದುರಿಗೆ ಆವರೇಜ್ ತೋರಿಸುವ ಅಂಕಿಯನ್ನು ನೋಡಿದರು. ಶರಣಪ್ಪನ ಅಪ್ಪ ಹೋದ ದಿನವೂ ಅವರ ಮುಖ ಅಷ್ಟು ಬಾಡಿರಲಿಲ್ಲ.

ವರ್ಷದ ಕೊನೆಯ ಪಾಠ ಮುಗಿಯುವವರೆಗೆ ಸುಜಾತಾ ದಿನವೂ ನಡುರಸ್ತೆಯಲ್ಲೇ ನಿಂತಳು, ಕಾರು ದಿನವೂ ನಿಂತಿತು. ಸಂಜೆ ಇಳಿಸುವಾಗ ನಿಲ್ಲಿಸುವವರೆಗೆ ಬಾಗಿಲಿಗೆ ಕೈ ಹಚ್ಚುತ್ತಿರಲಿಲ್ಲ. ಮಗು ಬೇಸಿಗೆ ರಜೆಯಲ್ಲಿ ಹುಟ್ಟಿತು, ಹೆಣ್ಣು, ಗಟ್ಟಿಮುಟ್ಟಾಗಿತ್ತು. ಆವರೇಜ್ ಸರ್ ನೋಡಲು ಹೋಗಲಿಲ್ಲ. ಕೋಟನೂರು ಅವರ ಮನೆಯಿಂದ ಕಮಲಾಪುರಕ್ಕೆ ವಿರುದ್ಧ ದಿಕ್ಕಿನಲ್ಲಿದೆ. ಸ್ಟಾಫ್ ರೂಮಿನಲ್ಲಿ ಬಹಳ ದಿನ, ಒಬ್ಬರ ಹಟಕ್ಕೆ ನನ್ನ ಆವರೇಜ್ ಹಾಳಾಯಿತು ಎಂದು ಹೇಳಿಕೊಂಡು ತಿರುಗಿದರು. ಅದಕ್ಕೆ ಯಾರೂ ಅಯ್ಯೋ ಅನ್ನಲಿಲ್ಲ. ಮತ್ತೊಂದು ವರ್ಷ ಕಳೆಯುವಷ್ಟರಲ್ಲಿ ಹಟ ಎಂಬ ಮಾತು ಬಿದ್ದುಹೋಯಿತು. ನಿವೃತ್ತಿಯ ದಿನ ಮಾತಾಡುತ್ತ, ನಾನು ಒಬ್ಬ ಗರ್ಭಿಣಿಗಾಗಿ ದಿನವೂ ಕಾರು ನಿಲ್ಲಿಸಿದವನು ಎಂದರು. ಮಕ್ಕಳು ಚಪ್ಪಾಳೆ ತಟ್ಟಿದರು. ಈಗ ಅದು ಗ್ರಂಥಕ್ಕೆ ಹೋಗುತ್ತಿದೆ.

ಒಂದು ಮಾತು ಒಪ್ಪಬೇಕು, ಆವರೇಜ್ ಸರ್ ಇಲ್ಲದಿದ್ದರೆ ನಾನು ಕಾರು ಕಲಿಯುತ್ತಿರಲಿಲ್ಲ. ಆ ಬೇಸಿಗೆಯಲ್ಲೇ ಕಲಿತೆ. ಒಂದು ಹಳೆಯ ಕಾರು ಕೊಂಡೆ. ಮೊದಲು ಕೋಟನೂರಿಗೆ ಹೋಗಿ ಸುಜಾತಾಳ ಮನೆ ಬಾಗಿಲಲ್ಲಿ ನಿಲ್ಲಿಸುತ್ತೇನೆ. ಅವಳ ಮಗಳು ಟಾಟಾ ಮಾಡಿ ಮುಗಿಸುವವರೆಗೂ ನಿಂತಿರುತ್ತೇನೆ. ನನ್ನ ಕಾರು ಎಷ್ಟು ಆವರೇಜ್ ಕೊಡುತ್ತದೆಂದು ಇಂದಿಗೂ ನನಗೆ ಗೊತ್ತಿಲ್ಲ.

ಮೊನ್ನೆ ಸೋಮವಾರ ಕೋಟನೂರಿನಿಂದ ಬರುವಾಗ ಕಾಲೋನಿಯ ಅದೇ ಮೂಲೆಯಲ್ಲಿ ಆವರೇಜ್ ಸರ್ ನಿಂತಿದ್ದರು. ಮೊಣಕಾಲಿನ ಆಪರೇಷನ್ ಆಗಿ ಅವರಿಗೆ ಕಾರು ಹೊಡೆಯಲು ಬರುವುದಿಲ್ಲ, ಗಾಡಿ ಮನೆ ಮುಂದೆ ಹೊದಿಕೆ ಹೊದ್ದು ನಿಂತಿದೆ. ಕೈಯಲ್ಲಿ ಕೋಲು. ಪಿಂಚಣಿಯ ಕಾಗದಕ್ಕೆ ಕಾಲೇಜಿನ ಸಹಿ ಬೇಕಿತ್ತಂತೆ. ನಮ್ಮನ್ನು ಕಂಡು ಕೈ ಎತ್ತಿದರು. ಸುಳ್ಳೇಕೆ, ನನ್ನ ಕಾಲು ಬ್ರೇಕಿನ ಮೇಲೆ ಹಗುರವಾಗಿಯೇ ಇತ್ತು. ನಡೆಯುವವರಿಗಿಂತ ನಿಧಾನ, ಗಾಲಿ ಮಾತ್ರ ಉರುಳುತ್ತಿರಲಿ, ಹತ್ತಲಿ ನೋಡೋಣ ಎಂದು ಮನಸ್ಸು ಕುಣಿಯುತ್ತಿತ್ತು. ಸುಜಾತಾ ನನ್ನ ಪಕ್ಕದಲ್ಲಿದ್ದಳು. ನನ್ನ ಕಾಲಿನಲ್ಲಿ ಏನಿದೆಯೆಂದು ಅವಳಿಗೆ ತಿಳಿದುಹೋಗಿತ್ತು.

"ಪೂರಾ ನಿಂದ್ರಸ್ರೀ ಅಕ್ಕಾ," ಎಂದಳು.

ನಿಲ್ಲಿಸಿದೆ. ಎಂಜಿನ್ ಕೂಡ ಬಂದ್ ಮಾಡಿದೆ. ಅವರು ಮೊದಲು ಕೋಲು ಒಳಗಿಟ್ಟರು, ಆಮೇಲೆ ಸೊಂಟ, ಆಮೇಲೆ ಒಂದು ಕಾಲು. ಇನ್ನೊಂದು ಕಾಲನ್ನು ಎರಡೂ ಕೈಯಿಂದ ಎತ್ತಿ ಇಟ್ಟುಕೊಂಡರು. ಬಹಳ ಹೊತ್ತು ಹಿಡಿಯಿತು. ಹಿಂದಿನ ಗಾಡಿಗಳು ಹಾರ್ನ್ ಹೊಡೆದವು, ನಾವಿಬ್ಬರೂ ತಿರುಗಿ ನೋಡದೆ ಕಾದೆವು. ಈಗಲಾದರೂ ಏನಾದರೂ ಅನ್ನುತ್ತಾರೇನೋ ಎಂದು ನಾನು ಕನ್ನಡಿಯಲ್ಲಿ ಅವರ ಮುಖ ನೋಡುತ್ತಿದ್ದೆ.

ದಣಿವಾರಿಸಿಕೊಂಡು, ಗ್ರಂಥಕ್ಕೆ ಲೇಖನ ಬರೆದಿರಾ ಎಂದು ಕೇಳಿದರು. ಬರೆಯುತ್ತಿದ್ದೇನೆ ಸರ್ ಎಂದೆ. ತಲೆಯಾಡಿಸಿದರು. ಸುಜಾತಾಳ ಕಡೆ ನೋಡಲೂ ಇಲ್ಲ.

"ನಿಂತಾಗ ಎಂಜಿನ್ ಬಂದ್ ಮಾಡಿದ್ರಿ ನೋಡ್ರಿ, ಚಲೋ ರೂಢಿ," ಎಂದರು. "ಅಷ್ಟಾದ್ರೂ ನನ್ನಿಂದ ಕಲ್ತ್ರಿ."

ಕೀಲಿ ತಿರುವಿದೆ. ಸುಜಾತಾ ತನ್ನ ಕಡೆಯ ಗಾಜನ್ನು ಪೂರ್ತಿ ಕೆಳಗಿಳಿಸಿದಳು. ನಾನೂ ನನ್ನದನ್ನು ಇಳಿಸಿದೆ. ಕಮಲಾಪುರದವರೆಗೆ ಅವರು ಹಿಂದಿನಿಂದ ಏನೇನೋ ಹೇಳುತ್ತಲೇ ಇದ್ದರು, ಗಾಳಿಯಲ್ಲಿ ನಮಗೆ ಒಂದು ಮಾತೂ ಕೇಳಿಸಲಿಲ್ಲ.